ಕಿಟಕಿಯಲ್ಲಿ ಕೂತ ಬೆಕ್ಕು

ಸಿರಿಲ್ ಪರ್ಕಿಸ್ ಕನ್ನಡಕ ಹಾಕಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕನ್ನಡಕವೇನೋ ಇತ್ತು. ಅದು ಅವನ ಕೋಟಿನ ಒಳಜೇಬಿನಲ್ಲಿ, ಡಬ್ಬಿಯೊಳಗೆ, ಕರವಸ್ತ್ರ ಸುತ್ತಿಕೊಂಡು ಭದ್ರವಾಗಿ ಮಲಗಿತ್ತು. ಊರಿನವರ ಕಿಟಕಿ ತೊಳೆದೇ ತಲೆ ನರೆತವನು ತಾನೇ ಮುಖಕ್ಕೆ ಗಾಜು ಹಾಕಿಕೊಂಡು ಓಡಾಡಿದರೆ ಗಿರಾಕಿಗಳ ಮುಂದೆ ಮರ್ಯಾದೆ ಏನು ಉಳಿಯುತ್ತದೆ ಎಂಬುದು ಅವನ ವಾದ. ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ಅಷ್ಟೂ ಮಂಜು ಬರೀ ತನ್ನ ಕಣ್ಣಿನ ಮುಂದೆಯೇ ಏಕಿರುತ್ತದೆ ಎಂದು ಅವನು ಯಾರನ್ನೂ ಕೇಳಿರಲಿಲ್ಲ.

ಪೆಲ್ಲಿಂಗ್‌ಟನ್ ಹಾಲ್‌ನ ಕಿಟಕಿ ತೊಳೆಯುವ ಕೆಲಸ ಖಾಲಿಯಾದಾಗ ಅವನಿಗೆ ಬುಲಾವ್ ಬಂತು. ಅದು ಸಣ್ಣ ಮಾತಲ್ಲ. ಕಲ್ಲಿನ ಅಷ್ಟು ದೊಡ್ಡ ಬಂಗಲೆ, ಕಂಬಗಳ ಮುಖಮಂಟಪ, ಬೇಸಿಗೆಯಲ್ಲಿ ಟಿಕೆಟ್ ಕೊಂಡು ನೋಡಲು ಬರುವ ಜನ. ಸಿರಿಲ್‌ನ ತಾಯಿ ಒಂದು ಕಾಲದಲ್ಲಿ ಅಲ್ಲಿ ಪಾತ್ರೆ ತೊಳೆದವಳು. ಹೆಂಡತಿ ಮೇವಿಸ್ ಈಗ ಅಲ್ಲಿನ ಕುದುರೆಲಾಯದ ಅಂಗಳದಲ್ಲಿ ಚಹಾದಂಗಡಿ ನಡೆಸುತ್ತಿದ್ದಳು. ಅಂಗಡಿ ಬಂಗಲೆಯದು, ಅವರಿದ್ದ ಮನೆಯೂ ಬಂಗಲೆಯದೇ. ಅಂದರೆ ಪರ್ಕಿಸ್ ದಂಪತಿಯ ಅನ್ನ, ಸೂರು, ಮರ್ಯಾದೆ ಮೂರೂ ಒಂದೇ ಮೊಳೆಗೆ ತೂಗುಹಾಕಿದ್ದವು.

ಬಂಗಲೆಯ ಒಡತಿ ಲೇಡಿ ಹೊನೋರಿಯಾ ಎಂಬತ್ತು ದಾಟಿದ ಮುದುಕಿ. ಕಾಲ ಬಳಿ ಗೊರಕೆ ಹೊಡೆಯುತ್ತಿದ್ದ ನಾಯಿಗೆ ಬಿಸ್ಕತ್ತು ಮುರಿದು ಹಾಕುತ್ತಾ ಕೇಳಿದರು.

"ಏನಪ್ಪಾ ಪರ್ಕಿಸ್, ನಮ್ಮ ಕಿಟಕಿಗಳೆಲ್ಲ ಮುದಿಯಾಗಿವೆ. ಹುಷಾರಾಗಿ ನೋಡ್ಕೋಬೇಕು. ನಿನ್ನ ಕಣ್ಣು ಚೆನ್ನಾಗಿದೆ ತಾನೆ?"

"ಗಿಡುಗನ ಕಣ್ಣು ಅಮ್ಮಾವ್ರೇ."

"ಮನೆ ಪರಿಚಯ ಇದೆಯೋ?"

"ಅಯ್ಯೋ, ಒಂದೊಂದು ಕಿಟಕಿನೂ ನನಗೆ ಹೆತ್ತ ಮಕ್ಕಳಿದ್ದ ಹಾಗೆ!"

ಪರ್ಕಿಸ್ ದಂಪತಿಗೆ ಮಕ್ಕಳಿರಲಿಲ್ಲ. ಆದರೆ ಆ ಹೊತ್ತಿಗೆ ಮಾತು ಬಾಯಿಗೆ ಚೆನ್ನಾಗಿ ಹೊಂದಿಕೊಂಡಿತ್ತು.

ಮೊದಲ ದಿನವೇ ಲಾಯದ ಅಂಗಳದ ಕಡೆಯ ಗೋಡೆಗೆ ಏಣಿ ಹಾಕಿದ. ಒಂದು ಕಿಟಕಿ ಫಳಫಳ ಎಂದಿತು, ಎರಡನೆಯದೂ ಎಂದಿತು. ಮೇಲಂತಸ್ತಿನ ಕೊನೆಯದು ಮಾತ್ರ ಹಟ ಹಿಡಿಯಿತು. ಎಷ್ಟು ಒರೆಸಿದರೂ ಹೊಳಪಿಲ್ಲ. ಒಳಗೆ ಮೇಲ್ಗಡೆ ಒಂದು ಪರದೆ ಅರ್ಧ ಇಳಿಬಿದ್ದಿತ್ತು, ಕೆಳಗೆಲ್ಲ ಕತ್ತಲೆ. "ಹಳೇ ಕೊಳೆ, ದೊಡ್ಡಮನೆ ಕೊಳೆ, ಸುಮ್ಮನೆ ಹೋಗ್ತದಾ?" ಎಂದು ಸಿರಿಲ್ ಮೆಚ್ಚಿಕೊಂಡೇ ಕೆಳಗಿಳಿದು, ಬಿಸಿನೀರಿಗೆ ಬಟ್ಟೆ ಒಗೆಯುವ ಸೋಡಾ ಕಲಸಿ, ನೆಲ ಉಜ್ಜುವ ಬಿರುಸು ಬ್ರಷ್ ತಂದ. ತಿಕ್ಕಿದ. ಕೊಳೆ ಬಿಟ್ಟಿತು. ಮೊದಲು ಬೂದಿಬಣ್ಣದ ನೀರು, ಆಮೇಲೆ ಕಪ್ಪು, ಆಮೇಲೆ ಬಿಳಿ. ಸಿರಿಲ್‌ಗೆ ಹುಮ್ಮಸ್ಸು ಬಂತು, ಇನ್ನೂ ತಿಕ್ಕಿದ. ಕಡೆಗೆ ಕಿಟಕಿಯ ಚೌಕಟ್ಟಿನ ಅಡ್ಡಪಟ್ಟಿಯೇ ಕರಗಿ ಬಕೆಟ್ಟಿಗೆ ಇಳಿಯಿತು.

ಮರ ಕರಗುವುದುಂಟೆ? ಸಿರಿಲ್ ಬೆರಳಿನಿಂದ ಬಡಿದು ನೋಡಿದ. ಗಾಜಿನ ಸದ್ದಿಲ್ಲ. ಅಕ್ಕಪಕ್ಕ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಕನ್ನಡಕ ತೆಗೆದು ಹಾಕಿಕೊಂಡ.

ಅದು ಕಿಟಕಿಯೇ ಅಲ್ಲ. ಗೋಡೆ. ಗಾರೆ ಬಳಿದ ಗೋಡೆಯ ಮೇಲೆ ಯಾರೋ ಮಹಾನುಭಾವ ಚೌಕಟ್ಟು, ಗಾಜು, ಗಾಜಿನೊಳಗಿನ ಕತ್ತಲೆ, ಕತ್ತಲೆಯ ಮೇಲೊಂದು ಅರ್ಧ ಇಳಿದ ಪರದೆ, ಎಲ್ಲವನ್ನೂ ಬಣ್ಣದಲ್ಲಿ ಬರೆದಿಟ್ಟಿದ್ದ. ಹಳೆಯ ಬಂಗಲೆಗೆ ಹೊಸ ಮುಖ ಕಟ್ಟಿಸಿದವರಿಗೆ ಎಡಕ್ಕಿದ್ದಷ್ಟು ಕಿಟಕಿ ಬಲಕ್ಕೂ ಬೇಕು. ಬಲಕ್ಕೆ ಹೊಗೆಗೂಡು ಅಡ್ಡ ಬಂದಿತ್ತು. ನಿಜವಾದ ಕಿಟಕಿ ಇಡಲಾಗದ ಕಡೆ ಚಿತ್ರದ ಕಿಟಕಿ ಇಟ್ಟು ಲೆಕ್ಕ ಸರಿಮಾಡಿದ್ದರು. ಕೆಲಸ ಎಷ್ಟು ಚೊಕ್ಕವಾಗಿತ್ತೆಂದರೆ, ನೋಡಿ ನೋಡಿ ಊರೇ ಅದು ಸುಳ್ಳೆಂಬುದನ್ನು ಮರೆತಿತ್ತು. ಲೇಡಿ ಹೊನೋರಿಯಾ ಅವರ ಅಪ್ಪನಂತೂ ಆ ಪರದೆ ಕಂಡಾಗಲೆಲ್ಲ, "ಮನೆಪಾಠದ ಮೇಡಂ ಇನ್ನೂ ಎದ್ದಿಲ್ಲ, ಸೋಮಾರಿ!" ಎಂದು ಬೈಯುತ್ತಿದ್ದರಂತೆ. ಇನ್ನೂರೈವತ್ತು ವರ್ಷ ಮಳೆ ಗಾಳಿಗೆ ಜಗ್ಗದ ಕಿಟಕಿಯನ್ನು ಸಿರಿಲ್ ಪರ್ಕಿಸ್ ಒಂದು ಬಕೆಟ್ ಸೋಡಾ ನೀರಿನಲ್ಲಿ ಅರ್ಧಕ್ಕೆ ತಂದಿದ್ದ.

ಇಂಥ ಮನೆಗಳ ಒಂದು ಮೊಳೆ ಅಲುಗಿಸಿದರೂ ಸರಕಾರದ ಕಣ್ಣಲ್ಲಿ ಅಪರಾಧ, ಜೈಲೂ ಆಗಬಹುದು ಎಂದು ಊರಿನ ಮಗುವಿಗೂ ಗೊತ್ತು. ಸಿರಿಲ್ ಮನೆಗೆ ಹೋಗಿ ಹೆಂಡತಿಗೆ ಹೇಳಿದ. ಮೇವಿಸ್ ಕೈಯಲ್ಲಿದ್ದ ಕೇಕಿನ ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟಳು.

"ಹೋಗಿ ಹೇಳ್ಬಿಡು ಸಿರಿಲ್."

"ಗಿಡುಗನ ಕಣ್ಣು ಅಂದಿದ್ದೀನಲ್ಲೇ ಮೇವಿಸ್!"

"ಗಿಡುಗ ಗೋಡೆ ತೊಳೆಯಲ್ಲ ಕಣೋ."

ಆದರೆ ಸಿರಿಲ್‌ಗೆ ಬೇರೆ ಉಪಾಯ ಹೊಳೆದಿತ್ತು. ಮನೆಯ ಶೆಡ್ಡಿನಲ್ಲಿ ಪಬ್ಬಿನ ಬಾಗಿಲಿಗೆ ಬಳಿದು ಉಳಿದ ಕಪ್ಪು ಬಣ್ಣವಿತ್ತು, ಬಚ್ಚಲಿಗೆ ಬಳಿದು ಉಳಿದ ಬಿಳಿಯಿತ್ತು, ತನ್ನ ವ್ಯಾನಿನ ಮೇಲೆ ಹೆಸರು ಬರೆಸಿದ ಹಳದಿಯೂ ಚೂರು ಇತ್ತು. ಸಂಜೆ ಜನ ಖಾಲಿಯಾದ ಮೇಲೆ, ಇನ್ನೂ ಬಿಸಿಲಿರುವಾಗಲೇ ಏಣಿ ಹತ್ತಿದ. ಕತ್ತಲೆ ಬಳಿದ, ಪಟ್ಟಿ ಎಳೆದ. ಪರವಾಗಿಲ್ಲ ಎನ್ನುವಷ್ಟರಲ್ಲಿ ಒಂದು ಕಣಜದ ಹುಳು ಕಿವಿಯ ಹತ್ತಿರ ಬಂದು ವಿಚಾರಿಸಿತು. ಸಿರಿಲ್ ಕೈ ಬೀಸಿದ. ಬ್ರಷ್ಷಿನ ಕಪ್ಪೆಲ್ಲ ಹೊಸ ಬಿಳಿಪಟ್ಟಿಗಳ ಮೇಲೆ ಒಂದು ಬ್ರೆಡ್ಡಿನಷ್ಟು ಗಾತ್ರಕ್ಕೆ ಹರಡಿತು. ಎಡಗಡೆ ಹೆಬ್ಬೆಟ್ಟಿನಿಂದ ಮೇಲಕ್ಕೆ ಒರೆಸಿದ, ಅಲ್ಲೊಂದು ಚೂಪು ಬಂತು. ಬಲಗಡೆ ಒರೆಸಿದ, ಅಲ್ಲೂ ಬಂತು. ಸಿರಿಲ್ ಹಿಂದಕ್ಕೆ ಬಾಗಿ ನೋಡಿದ. ಎರಡು ಕಿವಿ. ಕಿವಿ ಬಂದ ಮೇಲೆ ಕಣ್ಣಿಲ್ಲದೆ ಬಿಡುವುದು ಪಾಪವಲ್ಲವೇ? ಹಳದಿಯಲ್ಲಿ ಎರಡು ಚುಕ್ಕಿ ಇಟ್ಟ.

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎನ್ನುತ್ತಾರಲ್ಲ, ಹಾಗೆ. ಕಿಟಕಿ ಮಾಡಲು ಹೋದವನು ಬೆಕ್ಕು ಮಾಡಿ ಇಳಿದ. ಕೆಳಗೆ ನಿಂತು ನೋಡಿದರೆ ಕಿಟಕಿಯೊಳಗೆ ಒಂದು ಕರಿಬೆಕ್ಕು ಕೂತು ಜಗತ್ತನ್ನು ವಿಚಾರಿಸಿಕೊಳ್ಳುತ್ತಿತ್ತು. ನಿಜ ಹೇಳಬೇಕೆಂದರೆ ಸಿರಿಲ್‌ಗೆ ಸ್ವಲ್ಪ ಹೆಮ್ಮೆಯೇ ಆಯಿತು.

ಮರುದಿನ ಚಹಾದಂಗಡಿಯಲ್ಲಿ ಮೊದಲು ಅದನ್ನು ಕಂಡವರು ಮಿಸೆಸ್ ಬಿಡ್‌ವೆಲ್. ಬಂಗಲೆ ತೋರಿಸುವ ಸ್ವಯಂಸೇವಕರಿಗೆಲ್ಲ ಮುಖ್ಯಸ್ಥೆ, ಜೊತೆಗೆ ಊರಿನ ಬೆಕ್ಕುಗಳ ಕ್ಷೇಮ ಸಮಿತಿಯ ಕಾರ್ಯದರ್ಶಿ. ಸಮಿತಿಯಲ್ಲಿ ಬೇರೆ ಸದಸ್ಯರಿರಲಿಲ್ಲ.

"ಮೇವಿಸ್, ಆ ಕಿಟಕೀಲಿ ನೋಡಿ, ಯಾರ ಬೆಕ್ಕದು?"

ಮೇವಿಸ್ ಗಂಡನತ್ತ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸಿರಿಲ್ ಹೆಬ್ಬೆರಳಿನ ಕಪ್ಪನ್ನು ಜೇಬಿಗೆ ತುರುಕಿದ. "ಯಾವ್ದೋ ಬೆಕ್ಕು," ಎಂದ. "ಬೆಕ್ಕುಗಳು ಬರ್ತಾವೆ, ಹೋಗ್ತಾವೆ."

ಈ ಬೆಕ್ಕು ಬಂತು, ಹೋಗಲಿಲ್ಲ. ಆ ದಿನ ಹೋಗಲಿಲ್ಲ, ಮಾರನೆಯ ದಿನವೂ ಹೋಗಲಿಲ್ಲ. ಮಿಸೆಸ್ ಬಿಡ್‌ವೆಲ್ ಕಿಟಕಿಯ ಕೆಳಗೆ ನಿಂತು ಸಾರ್ಡೀನ್ ಮೀನಿನ ಡಬ್ಬಿ ತೆರೆದು ಬೀಸಣಿಗೆಯಲ್ಲಿ ವಾಸನೆ ಮೇಲಕ್ಕೆ ಅಟ್ಟಿದರು. ಬೆಕ್ಕು ಕಣ್ಣು ಮಿಟುಕಿಸಲಿಲ್ಲ.

"ನಿತ್ರಾಣ!" ಎಂದರು ಮಿಸೆಸ್ ಬಿಡ್‌ವೆಲ್. "ತಲೆ ಎತ್ತಕ್ಕೂ ತ್ರಾಣ ಇಲ್ಲ ಪಾಪಕ್ಕೆ."

"ಅದು ಗೊಂಬೆ ಇರ್ಬೋದೇನೋ," ಎಂದ ಸಿರಿಲ್.

"ಗೊಂಬೆನಾ? ಈಗ ತಾನೇ ನನ್ನ ನೋಡಿ ಕೂಗ್ತು! ಸದ್ದು ಕೇಳಲಿಲ್ಲ, ಬಾಯಿ ಕಂಡಿತು."

ಒಬ್ಬರು ಕಂಡಿತು ಎಂದ ಮೇಲೆ ಊರಿಗೆಲ್ಲ ಕಾಣಲು ಎಷ್ಟು ಹೊತ್ತು? ಅಂಚೆಕಚೇರಿಯವರಿಗೆ ಬಾಲ ಅಲ್ಲಾಡಿದ್ದು ಕಂಡಿತು. ಪಾದ್ರಿಗಳಿಗೆ ಅದು ಮುಂಗಾಲು ಮುಗಿದಿದ್ದೇ ಕಂಡಿತು. ಅಕ್ಕಪಕ್ಕದ ಹಳ್ಳಿಗಳಿಂದ ಜನ ಮಡಚುಕುರ್ಚಿ, ಸ್ಯಾಂಡ್‌ವಿಚ್ಚು, ಛತ್ರಿ ಹಿಡಿದು ಬಂದು ಅಂಗಳದಲ್ಲಿ ಕೂತು ಮರುಗತೊಡಗಿದರು. ಮೇವಿಸ್ ಬೆಣ್ಣೆ ಹಚ್ಚಿ ಹಚ್ಚಿ ಕೈ ಸೋತಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಇಲಿ ಎಂದರೆ ಇಲ್ಲಿ ಸಿರಿಲ್. ಹೊತ್ತುಹೊತ್ತಿಗೆ ತೂಕ ಇಳಿಯುತ್ತಿದ್ದದ್ದು ಬೆಕ್ಕಲ್ಲ, ಅವನು.

ಮೂರನೆಯ ದಿನ ಮಿಸೆಸ್ ಬಿಡ್‌ವೆಲ್ ಒಳಗಿನಿಂದ ಹುಡುಕಲು ಹೊರಟರು. ಮೇಲಂತಸ್ತಿನಲ್ಲಿ ಬಟ್ಟೆಕೋಣೆ ಇತ್ತು. ಅದರಾಚೆ ಹಳೆಯ ಕೆಲಸದವರ ಕೋಣೆ ಇತ್ತು. ನಡುವೆ ಬೆಕ್ಕಿನ ಕೋಣೆ ಇರಬೇಕಾದ ಕಡೆ ಓಕ್ ಮರದ ಕೆತ್ತನೆ ಹಲಗೆಗಳ ಗೋಡೆ, ಬಾಗಿಲೇ ಇಲ್ಲ!

"ಬಾಗಿಲು ಮುಚ್ಚಿ ಹಲಗೆ ಹೊಡೆದಿದ್ದಾರೆ!" ಎಂದು ಮಿಸೆಸ್ ಬಿಡ್‌ವೆಲ್ ಎದೆ ಹಿಡಿದುಕೊಂಡರು. "ಒಳಗೆ ಜೀವ ಇದೆ!"

ಅಗ್ನಿಶಾಮಕ ದಳದವರು ಬಂದರು. ಅವರ ಮುಖ್ಯಸ್ಥ ಟಫ್ನೆಲ್ ದೊಡ್ಡ ಮೀಸೆಯ ಆಸಾಮಿ. "ಹೊರಗಿಂದ ಏಣಿ ಹಾಕಿ ಗಾಜು ಒಡೆದ್ರಾಯ್ತು," ಎಂದ.

"ಗಾಜು ಬೆಕ್ಕಿನ ಮೇಲೆ ಬಿದ್ರೆ? ನಿಮ್ಮ ಮೇಲೆ ಬೀಳಿಸ್ಲಾ?" ಎಂದರು ಮಿಸೆಸ್ ಬಿಡ್‌ವೆಲ್.

ಬೆಂಕಿಗೆ ಹೆದರದ ಟಫ್ನೆಲ್ ಇದಕ್ಕೆ ಹೆದರಿದ. ಹಾಗಾದರೆ ಒಳಗಿನ ಹಲಗೆ ಒಡೆಯುವುದೇ ಸರಿ ಎಂದು ಕೊಡಲಿ ತರಿಸಿದ. ಅಷ್ಟರಲ್ಲಿ ಸುದ್ದಿ ತಿಳಿದು ಹಳೆ ಕಟ್ಟಡಗಳ ಅಧಿಕಾರಿಣಿ ಮಿಸ್ ಕ್ರಾಬ್ ಸೈಕಲ್ ತುಳಿದುಕೊಂಡು ಬಂದರು. ತೆಳ್ಳನೆ ಹೆಂಗಸು. ಅವರು ನಕ್ಕಿದ್ದನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಬಂದವರೇ ಹಲಗೆಗೆ ಬೆನ್ನು ಕೊಟ್ಟು ಎರಡೂ ಕೈ ಅಗಲಿಸಿ ನಿಂತರು.

"ಇದರ ಮೇಲೆ ಒಂದು ಗೀರು ಬಿದ್ರೂ ಎಲ್ಲರನ್ನೂ ಕೋರ್ಟಿಗೆ ಎಳೀತೀನಿ! ರಾಣಿ ಎಲಿಜಬೆತ್ ಕಾಲದ ಹಲಗೆ, ಗೊತ್ತಾ? ಮೊದಲನೇ ಎಲಿಜಬೆತ್!"

"ಹಲಗೆಗೆ ಹಸಿವಾಗಲ್ಲ!" ಎಂದರು ಮಿಸೆಸ್ ಬಿಡ್‌ವೆಲ್.

"ಬೆಕ್ಕುಗಳು ಇನ್ನೂ ಸಿಗ್ತವೆ! ಇಂಥ ಹಲಗೆ ಸಿಗಲ್ಲ!"

ಮೆಟ್ಟಿಲಿನ ಮೇಲೆ ನೆರೆದಿದ್ದ ಜನ ಉಸಿರು ಬಿಗಿಹಿಡಿದರು. ಇಂಗ್ಲೆಂಡಿನಲ್ಲಿ ರಾಜನ ಬಗ್ಗೆ ಏನು ಬೇಕಾದರೂ ಅನ್ನಬಹುದು, ಪಾದ್ರಿಯ ಬಗ್ಗೆ ಅನ್ನಬಹುದು. ಬೆಕ್ಕಿನ ಬಗ್ಗೆ ಇಂಥ ಮಾತು ಆಡಬಾರದು. ಜನ ಎರಡು ಪಕ್ಷವಾದರು, ಬೆಕ್ಕಿನ ಪಕ್ಷ ಮತ್ತು ಹಲಗೆಯ ಪಕ್ಷ. ಎರಡೂ ಪಕ್ಷದವರು ಮೇವಿಸ್ ತಂದ ಚಹಾ ಕುಡಿದು, ಒಬ್ಬರಿಗೊಬ್ಬರು ಸಕ್ಕರೆ ಕೊಟ್ಟು, "ಥ್ಯಾಂಕ್ಸ್" ಹೇಳಿ, ಮತ್ತೆ ಬೈದಾಡಿದರು.

ಕಡೆಗೆ ಲೇಡಿ ಹೊನೋರಿಯಾ ಕೋಲೂರುತ್ತಾ ಮೇಲೆ ಬಂದರು. ಎಲ್ಲರ ಮಾತು ಕೇಳಿದರು. ಹಲಗೆಯ ಮೇಲೆ ಒಮ್ಮೆ ಕೈಯಾಡಿಸಿದರು.

"ಇದರ ಮುಂದೆ ನಾನು ಗೊಂಬೆಯಾಟ ಆಡಿದ್ದೀನಿ," ಎಂದರು. "ಆದ್ರೂ ಹಸಿದ ಜೀವಕ್ಕಿಂತ ಮರ ದೊಡ್ಡದಾಗಬಾರದು. ಕೋರ್ಟಿಗೆ ನಾನೇ ಹೋಗ್ತೀನಿ ಮಿಸ್ ಕ್ರಾಬ್. ಟಫ್ನೆಲ್, ಒಡೆಯಪ್ಪಾ."

ಮುದುಕಿಯ ಗಲ್ಲ ನಡುಗುತ್ತಿತ್ತು. ಟಫ್ನೆಲ್ ಕೊಡಲಿ ಎತ್ತಿದ. ಮೂಲೆಯಲ್ಲಿದ್ದ ಸಿರಿಲ್‌ಗೆ ಜೈಲು ಕಂಡಿತು, ಬೀಗ ಬಿದ್ದ ಚಹಾದಂಗಡಿ ಕಂಡಿತು, ಮನೆ ಸಾಮಾನನ್ನು ವ್ಯಾನಿಗೆ ತುಂಬುತ್ತಿರುವ ಮೇವಿಸ್ ಕಂಡಳು. ಆದರೆ ಆ ಗಲ್ಲ ನಡುಗಿದ್ದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡಿತು, ಅದೂ ಕನ್ನಡಕವಿಲ್ಲದೆ.

"ನಿಲ್ಸೀ!" ಎಂದು ಕೂಗಿದ. "ಬೆಕ್ಕಿಲ್ಲ! ಅದು ಬೆಕ್ಕಲ್ಲ! ಆ ಬೆಕ್ಕು ನಾನೇ!"

ಕೊಡಲಿ ಗಾಳಿಯಲ್ಲೇ ನಿಂತಿತು. ಸಿರಿಲ್ ತೊದಲುತ್ತಾ ಸೋಡಾದಿಂದ ಕಣಜದವರೆಗೆ ಎಲ್ಲ ಹೇಳಿದ. ಹೇಳಿ ಮುಗಿಸಿ ತಲೆ ತಗ್ಗಿಸಿದ. ಯಾರೂ ಬೈಯಲಿಲ್ಲ. ಏಕೆಂದರೆ ಯಾರೂ ನಂಬಲಿಲ್ಲ.

"ಪಾಪ, ಅಮ್ಮಾವ್ರ ಹಲಗೆ ಉಳ್ಸೋಕೆ ಸುಳ್ಳು ಹೇಳ್ತಿದ್ದಾನೆ," ಎಂದ ಟಫ್ನೆಲ್. "ಒಳ್ಳೆ ಮನುಷ್ಯ."

"ಇವನು ಬರೆದಿದ್ದಂತೆ!" ಎಂದು ಮಿಸೆಸ್ ಬಿಡ್‌ವೆಲ್ ಮೂಗು ಮುರಿದರು. "ಚರ್ಚಿನ ಜಾತ್ರೆಗೆ ಬಾಣದ ಗುರುತು ಬರೀರಿ ಅಂದ್ರೆ ಮೂಲಂಗಿ ಬರೆದಿದ್ದ ಮಹಾರಾಯ ಇವನು. ಅಷ್ಟು ಜೀವಕಳೆ ಇರೋ ಬೆಕ್ಕು ಬರೀತಾನಾ? ಮೇವಿಸ್, ನೀವೇ ಹೇಳಿ."

ಮೇವಿಸ್‌ಗೆ ಇಕ್ಕಟ್ಟಾಯಿತು. "ಅವನಿಗೆ ನೆಟ್ಟಗೆ ಒಂದು ಗೆರೆ ಎಳೆಯಕ್ಕೂ ಬರಲ್ಲ, ಅದು ನಿಜ," ಎಂದಳು. "ಆದ್ರೆ ಬರ್ದಿದ್ದು ಅವನೇ."

ತಪ್ಪು ಒಪ್ಪಿಕೊಂಡಾಗ ಆಗದಿದ್ದ ಅವಮಾನ ಸಿರಿಲ್‌ಗೆ ಈಗ ಆಯಿತು. ಜೈಲಿಗೆ ಹೋಗಲು ಅವನು ಸಿದ್ಧನಿದ್ದ, ಬೆಕ್ಕನ್ನು ಬಿಟ್ಟುಕೊಡಲು ಸಿದ್ಧನಿರಲಿಲ್ಲ. ಧಡಧಡ ಕೆಳಗಿಳಿದು ವ್ಯಾನಿನಿಂದ ಏಣಿ ತಂದು ಗೋಡೆಗೆ ಒರಗಿಸಿದ. ಬಿಳಿ ಬಣ್ಣದ ಡಬ್ಬಿ ಹಿಡಿದ. ಜನವೆಲ್ಲ ಹಿಂದೆಯೇ ಅಂಗಳಕ್ಕೆ ಬಂತು. ಸಿರಿಲ್ ಎಲ್ಲರೆದುರಿಗೆ ಕನ್ನಡಕ ತೆಗೆದು ಮೂಗಿಗೇರಿಸಿ, ಏಣಿ ಹತ್ತಿ, ಬೆಕ್ಕಿನ ಮುಖಕ್ಕೆ ಬ್ರಷ್ ಒತ್ತಿದ.

"ಕಚ್ಚತ್ತೆ ಹುಷಾರು!" ಎಂದರು ಪಾದ್ರಿಗಳು.

ಸಿರಿಲ್ ಎಡಕ್ಕೆ ಮೂರು ಎಳೆ ಎಳೆದ, ಬಲಕ್ಕೆ ಮೂರು ಎಳೆದ. ಬೆಕ್ಕಿಗೆ ಮೀಸೆ ಬಂತು.

ಮಿಸೆಸ್ ಬಿಡ್‌ವೆಲ್ ಮಡಚುಕುರ್ಚಿಯಲ್ಲಿ ಕುಸಿದು ಕೂತು, "ಮೀಸೆ ಇಲ್ಲ ಅಂತ ನನಗೆ ಮೊದಲೇ ಅನ್ನಿಸಿತ್ತು," ಎಂದರು.

ಆಮೇಲೆ ಮಿಸ್ ಕ್ರಾಬ್ ಏಣಿ ಹತ್ತಿದರು. ಭೂತಗನ್ನಡಿಯಲ್ಲಿ ಇಂಚಿಂಚೂ ನೋಡಿ ಇಳಿದರು. ಮುಖ ಬಿಳಿಚಿತ್ತು.

"ಸೋಡಾ ಹಾಕಿ ತಿಕ್ಕಿದ್ರಾ?"

"ಚೆನ್ನಾಗಿ ಹೋಗ್ತದೆ ಅಂತ..."

"ಹೋಯ್ತಲ್ಲ!"

ಪಟ್ಟಣದಿಂದ ತಜ್ಞರು ಬಂದು ಪರೀಕ್ಷಿಸುವವರೆಗೆ ಯಾರೂ ಅದನ್ನು ಮುಟ್ಟಕೂಡದು, ಆಮೇಲೆ ಮೊಕದ್ದಮೆ, ಎಂದು ಹೇಳಿ ಸೈಕಲ್ ಏರಿದರು. ಆ ವಾರಗಳು ಪರ್ಕಿಸ್ ಮನೆಯಲ್ಲಿ ಹೇಗೆ ಕಳೆದವು ಎಂದು ಹೇಳುವುದು ಬೇಡ. ಮೇವಿಸ್ ಹೊದಿಕೆಗಳನ್ನು ಮಡಿಸಿ ಹಗ್ಗ ಕಟ್ಟಿಟ್ಟಿದ್ದಳು. ಆದರೆ ದಿನಾ ಬೆಳಿಗ್ಗೆ ಬಾಗಿಲಲ್ಲಿ ಯಾರೋ ಏನೋ ಇಟ್ಟು ಹೋಗುತ್ತಿದ್ದರು. ಒಂದು ದಿನ ಪ್ಲಮ್ ಹಣ್ಣಿನ ಜಾಮು, ಒಂದು ದಿನ ತೋಟದ ಬೀನ್ಸು. ಟಫ್ನೆಲ್ ತನ್ನ ಹೆಂಡತಿ ಮಾಡಿದ ಕೋಳಿಯ ಕಡುಬನ್ನು ತಂದು, "ಜೈಲಲ್ಲಿ ಇದೆಲ್ಲ ಕೊಡಲ್ಲ, ಈಗಲೇ ತಿಂದ್ಕೊಳಪ್ಪಾ," ಎಂದು ಸಮಾಧಾನ ಹೇಳಿದ. ಸಿರಿಲ್ ಅದನ್ನು ತಿನ್ನುತ್ತಾ ಅತ್ತೇಬಿಟ್ಟ. ಈ ಊರು ನನ್ನನ್ನು ಇಷ್ಟು ಹಚ್ಚಿಕೊಂಡಿತ್ತೆಂದು ಕಿಟಕಿ ಹಾಳುಮಾಡುವವರೆಗೆ ನನಗೆ ಗೊತ್ತೇ ಇರಲಿಲ್ಲವಲ್ಲ ಎಂದ.

ತಜ್ಞರು ಬಂದ ದಿನ ಅಂಗಳ ಮತ್ತೆ ತುಂಬಿತು. ಗೋಡೆಗೆ ಅಟ್ಟಣಿಗೆ ಕಟ್ಟಿದರು. ಮಾದರಿ ತೆಗೆಯಲು ಉಳಿದಿದ್ದ ಹಳೆಯ ಭಾಗವೆಂದರೆ ಮೇಲಿನ ಪರದೆ ಒಂದೇ. ಅದರ ಅಂಚನ್ನು ಕೂದಲೆಳೆಯಷ್ಟು ಕೆರೆದು, ಕೆಳಗಿನ ಪದರ ನೋಡಿದರು. ಇನ್ನಷ್ಟು ನೋಡಿದರು. ಮಿಸ್ ಕ್ರಾಬ್‌ರನ್ನು ಕರೆದರು. ಅವರೂ ನೋಡಿದರು. ಅಟ್ಟಣಿಗೆಯ ಮೇಲಿಂದ ಯಾರೂ ಕೇಳರಿಯದ ಒಂದು ಸದ್ದು ಬಂತು. ಮಿಸ್ ಕ್ರಾಬ್ ನಗುತ್ತಿದ್ದರು. ಅಟ್ಟಣಿಗೆಯ ಕಂಬ ಹಿಡಿದುಕೊಂಡು, ಕಣ್ಣೊರೆಸಿಕೊಂಡು ನಗುತ್ತಿದ್ದರು.

"ಪರದೆ ಮೊದಲು ಇರಲೇ ಇಲ್ಲ!" ಎಂದರು ಮೇಲಿಂದಲೇ. "ಅದರ ಕೆಳಗೆ ಕಪ್ಪು ಬಣ್ಣ ಚೆಲ್ಲಿದೆ. ಇಷ್ಟಗಲ! ಅಂದು ಬರೆದವನು ಒರೆಸೋಕೆ ಹೋಗಿ ಇನ್ನೂ ಹರಡಿದ್ದಾನೆ. ಹೆಬ್ಬೆಟ್ಟಿನ ಗುರುತು ಕೂಡ ಇದೆ. ಆಮೇಲೆ ಮುಚ್ಚಿಹಾಕೋಕೆ ಪರದೆ ಬರೆದಿದ್ದಾನೆ!"

ಲೇಡಿ ಹೊನೋರಿಯಾ ಕೋಲಿನ ಮೇಲೆ ಗಲ್ಲವಿಟ್ಟು ಯೋಚಿಸಿದರು. "ಹಾಗಾದ್ರೆ ನಮ್ಮಪ್ಪ ಇಷ್ಟು ವರ್ಷ ಬೈದಿದ್ದು ಒಂದು ಮಸಿ ಕಲೆಗಾ?"

ಮಿಸ್ ಕ್ರಾಬ್ ಇಳಿದು ಬಂದು ಸಿರಿಲ್ ಎದುರು ನಿಂತರು. ಮುಖ ಮತ್ತೆ ಗಂಭೀರವಾಗಿತ್ತು, ತುಟಿ ಮಾತ್ರ ಹೇಳಿದಂತೆ ಕೇಳುತ್ತಿರಲಿಲ್ಲ.

"ಮಿಸ್ಟರ್ ಪರ್ಕಿಸ್, ಹಳೇ ಕೆಲಸದ ರಿಪೇರಿನ ಮೂಲ ಕಲಾವಿದ ಮಾಡಿದ ರೀತೀಲೇ ಮಾಡ್ಬೇಕು, ಅದು ನಮ್ಮ ನಿಯಮ. ಮೂಲ ಕಲಾವಿದ ಬಣ್ಣ ಚೆಲ್ಲಿ, ಒರೆಸಿ ಹಾಳು ಮಾಡಿ, ಅದರ ಮೇಲೆ ಏನೋ ಒಂದು ಬರೆದು ಮುಚ್ಚಿಹಾಕಿದ್ದಾನೆ. ನೀವೂ ಅಕ್ಷರಶಃ ಹಾಗೇ ಮಾಡಿದ್ದೀರಿ. ಮೊಕದ್ದಮೆ ಹಾಕೋಕೆ ನನಗೆ ದಾರೀನೇ ಕಾಣ್ತಿಲ್ಲ. ಆದ್ರೆ ಇನ್ಮುಂದೆ ಸೋಡಾ ಮುಟ್ಟಿದ್ರೆ ಕೈ ಕತ್ತರಿಸ್ತೀನಿ."

"ಮತ್ತೆ ಬೆಕ್ಕು?" ಎಂದು ಮಿಸೆಸ್ ಬಿಡ್‌ವೆಲ್ ಎದ್ದು ನಿಂತರು.

ಎಲ್ಲರೂ ಲೇಡಿ ಹೊನೋರಿಯಾರತ್ತ ತಿರುಗಿದರು.

"ಬೆಕ್ಕು ಇರ್ಲಿ," ಎಂದರು ಆಕೆ. "ಚಿಕ್ಕವಳಿದ್ದಾಗ ಬೆಕ್ಕು ಬೇಕು ಅಂತ ಎಷ್ಟು ಅತ್ತಿದ್ದೀನಿ. ನಮ್ಮಪ್ಪ ನಾಯಿಗಳ ಮನುಷ್ಯ. ಒಂದನ್ನೂ ಒಳಗೆ ಬಿಡಲಿಲ್ಲ. ಇದೊಂದನ್ನ ಅವರೂ ಹೊರಗೆ ಅಟ್ಟೋಕಾಗಲ್ಲ." ಸಿರಿಲ್‌ನ ತೋಳಿನ ಮೇಲೆ ಕೈಯಿಟ್ಟರು. "ತುಂಬಾ ಉಪಕಾರವಾಯ್ತಪ್ಪಾ ಪರ್ಕಿಸ್. ಆದ್ರೆ ಉಳಿದ ಕಿಟಕಿಗಳನ್ನ ಆ ಕನ್ನಡಕ ಹಾಕ್ಕೊಂಡೇ ತೊಳಿ."

ಮೇವಿಸ್ ಆ ಸಂಜೆಯೇ ಹೊದಿಕೆಯ ಹಗ್ಗ ಬಿಚ್ಚಿದಳು. ಮಿಸೆಸ್ ಬಿಡ್‌ವೆಲ್ ಇಂದಿಗೂ ಆ ಕಿಟಕಿಯ ಕೆಳಗೆ ಒಂದು ಬಟ್ಟಲು ಹಾಲಿಡುತ್ತಾರೆ. ಹಾಲು ಖಾಲಿಯೂ ಆಗುತ್ತದೆ. ಯಾರು ಕುಡಿಯುತ್ತಾರೆಂದು ವಿಚಾರಿಸುವ ಧೈರ್ಯ ಊರಿನಲ್ಲಿ ಯಾರಿಗೂ ಇಲ್ಲ.

ಸಿರಿಲ್ ಪರ್ಕಿಸ್ ಈಗ ಎಲ್ಲರೆದುರಿಗೂ ಕನ್ನಡಕ ಹಾಕಿಕೊಂಡೇ ಏಣಿ ಹತ್ತುತ್ತಾನೆ. ಲಾಯದ ಕಡೆಯ ಕಿಟಕಿಗಳನ್ನೆಲ್ಲ ಮುಗಿಸಿ, ಕೊನೆಯದನ್ನು ಮುಟ್ಟದೆ ಕೆಳಗಿಳಿಯುತ್ತಾನೆ. ಬಕೆಟ್ ಬದಿಗಿಟ್ಟು ಅಂಗಳದ ನಡುವೆ ನಿಂತು, ಬೆಕ್ಕಿನಿಂದ ಮೇಲಕ್ಕೆ, ಅರ್ಧ ಇಳಿದ ಆ ಪರದೆಯತ್ತ ನೋಡಿ ಟೋಪಿ ತೆಗೆಯುತ್ತಾನೆ.

"ನಿನ್ನ ಕೈಯೂ ಜಾರಿತಲ್ಲ ಗುರುವೇ," ಎನ್ನುತ್ತಾನೆ, "ಬದುಕಿಸಿದೆ."